ಹಣ್ಣಿನ ನೊಣಗಳ ಪ್ರಭೇದ ವಿವೇಚನೆ

(ಸಿಯಾಟಲ್ ನಗರದ ಫ್ರೀಮಾಂಟ್‌ನಲ್ಲಿ ಕನ್ನಡ ಕುಟುಂಬಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಮಾಗಿದ ಬಾಳೆಹಣ್ಣಿನ ಸುತ್ತ ಹಾರಾಡುವ ಗುಂಗುರುಗಳನ್ನು ನಾವೆಲ್ಲರೂ ಬಲ್ಲೆವು. ಎಲ್ಲವೂ ಒಂದೇ ಎಂದು ಭಾವಿಸಿ ಕೈಬೀಸಿ ಓಡಿಸುವುದು ನಮ್ಮ ವಾಡಿಕೆ. ಆದರೆ ಇವು ಸೇರಿರುವ ಡ್ರಾಸೊಫಿಲ ಎಂಬ ಜಾತಿಯಲ್ಲಿ 1500ಕ್ಕೂ ಹೆಚ್ಚು ಪ್ರಭೇದಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಒಂದನ್ನು ಮತ್ತೊಂದರಿಂದ ಬೇರ್ಪಡಿಸುವುದು ಪಂಡಿತರ ಕುತೂಹಲ ಮಾತ್ರವಲ್ಲ. ನಮ್ಮ ಹಿತ್ತಲಿನ ಫಸಲಿಗೂ ಸಂಬಂಧಿಸಿದ ವಿಷಯ.

ಪೂರ್ವ ಏಷ್ಯಾ ಮೂಲದ ಡ್ರಾಸೊಫಿಲ ಸುಜುಕಿಯೈ ಎಂಬ ಪ್ರಭೇದವು 2008ರಲ್ಲಿ ಕ್ಯಾಲಿಫೋರ್ನಿಯದಲ್ಲಿಯೂ 2009ರಲ್ಲಿ ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿಯೂ ಕಾಣಿಸಿಕೊಂಡಿತು. ಇದರ ಬಂಧುಗಳಲ್ಲಿ ಹೆಚ್ಚಿನವು ಕೊಳೆಯುವ ಹಣ್ಣನ್ನು ಅರಸುತ್ತವೆ. ಇದರ ಹೆಣ್ಣಾದರೋ, ಮೊಟ್ಟೆಯಿಡುವ ತನ್ನ ಅಂಗದ ಗರಗಸದಂತಹ ಹಲ್ಲುಗಳಿಂದ, ಗಿಡದಲ್ಲಿ ಆಗತಾನೆ ಬಣ್ಣ ತಿರುಗಿದ ಹಣ್ಣಿನ ಸಿಪ್ಪೆಯನ್ನು ಕೊರೆದು ಒಳಗೆ ಮೊಟ್ಟೆಯಿಡುತ್ತದೆ. ಚೆರಿ, ಬ್ಲೂಬೆರಿ, ರಾಸ್‌ಬೆರಿ ಬೆಳೆಯುವವರಿಗೆ ನಷ್ಟವಾಗುವುದು ಇದರಿಂದಲೇ.

ಗಂಡಿನ ಪ್ರತಿಯೊಂದು ರೆಕ್ಕೆಯ ತುದಿಯ ಬಳಿ ಒಂದು ಕಪ್ಪು ಚುಕ್ಕೆಯಿರುತ್ತದೆ. ಆದರೆ ಚುಕ್ಕೆಯೊಂದನ್ನೇ ಎಲ್ಲೆಡೆಯೂ ನಂಬಲಾಗದು. ಭಾರತದಲ್ಲಿರುವ ಡ್ರಾಸೊಫಿಲ ಬಯಾರ್ಮಿಪಿಸ್‌ನ ಗಂಡಿಗೂ ಅಂತಹುದೇ ಚುಕ್ಕೆಯುಂಟು. ಅದರ ಹೆಣ್ಣಿಗೆ ಮಾತ್ರ ಆ ದೊಡ್ಡ ಗರಗಸವಿಲ್ಲ. ಒಂದು ಲಕ್ಷಣ ಸಾಲದೆಡೆ ಎರಡನೆಯದನ್ನು ನೋಡಬೇಕು.

ಕೆಲವೊಮ್ಮೆ ಹೊರನೋಟವೇ ಸೋಲುತ್ತದೆ. 1919ರಲ್ಲಿ ಸ್ಟರ್ಟೆವಂಟ್ ಅವರು, ಪ್ರಯೋಗಾಲಯಗಳ ಪ್ರಸಿದ್ಧ ಮೆಲನೊಗ್ಯಾಸ್ಟರ್‌ನಿಂದ ಸಿಮ್ಯುಲನ್ಸ್ ಎಂಬ ಪ್ರಭೇದವನ್ನು ಬೇರ್ಪಡಿಸಿದರು. ಇವೆರಡರ ಹೆಣ್ಣುಗಳು ಬಹುತೇಕ ಒಂದೇ ರೂಪ. ಗಂಡಿನ ಜನನಾಂಗದ ಆಕಾರವೇ ಗುರುತು. ಇವು ಕೂಡಿದರೆ ಹುಟ್ಟುವ ಸಂತತಿಯು ಬಂಜೆ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ನಮ್ಮ ಮೈಸೂರಿನದು. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಚ್.ಎ. ರಂಗನಾಥ್ ಮತ್ತು ಸಹೋದ್ಯೋಗಿಗಳು ನಸೂಟ, ಆಲ್ಬೊಮಿಕನ್ಸ್ ಎಂಬ ನೊಣಗಳನ್ನು ದೀರ್ಘಕಾಲ ಅಭ್ಯಸಿಸಿದರು. ಮೊದಲನೆಯದರಲ್ಲಿ 8 ವರ್ಣತಂತುಗಳು, ಎರಡನೆಯದರಲ್ಲಿ 6. ಆದರೂ ಇವುಗಳ ಮಿಶ್ರ ಸಂತತಿಯು ಫಲವಂತವಾಗಿ, ತಲೆಮಾರುಗಳು ಕಳೆದಂತೆ ಹೊಸ ವರ್ಣತಂತು ವಿನ್ಯಾಸಗಳುಳ್ಳ ತಳಿಗಳು ಪ್ರಯೋಗಾಲಯದಲ್ಲಿಯೇ ರೂಪುಗೊಂಡವು. ಪ್ರಭೇದಗಳ ನಡುವಣ ಗೆರೆಯು ಎಲ್ಲೆಡೆಯೂ ಒಂದೇ ಸಮನಾಗಿ ಆಳವಾಗಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಮುಂದಿನ ಬೇಸಿಗೆಯಲ್ಲಿ, ಸಣ್ಣ ರಂಧ್ರಗಳ ಮುಚ್ಚಳವುಳ್ಳ ಲೋಟದಲ್ಲಿ ಸ್ವಲ್ಪ ಸೇಬಿನ ವಿನೆಗರ್ ಇರಿಸಿ, ಬಿದ್ದ ನೊಣಗಳನ್ನು ಮಕ್ಕಳೊಡನೆ ಭೂತಕನ್ನಡಿಯಲ್ಲಿ ಪರೀಕ್ಷಿಸೋಣ. ಚುಕ್ಕೆಯ ಗಂಡು ಕಂಡುಬಂದಲ್ಲಿ, ಮಾಗಿದ ಹಣ್ಣನ್ನು ತಡಮಾಡದೆ ಕೊಯ್ಯೋಣ. ಉದುರಿದ್ದನ್ನು ಗಿಡದ ಬುಡದಲ್ಲಿ ಬಿಡದಿರೋಣ.