ಕುಸುಬೆಯ ಕೆಂಪು

ಕೆನ್ನೆಗೆ ಹಚ್ಚುವ ಕೆಂಪು ಪೇಟೆಯ ಡಬ್ಬಿಯಲ್ಲಿಯೇ ಹುಟ್ಟುವುದೆಂದು ನಗರವಾಸಿಗಳಾದ ನಾವು ಭಾವಿಸಿರುವೆವು. ಬಾಳೆಹೊಸೂರನ್ನೊಳಗೊಂಡ ಗದಗ ಸೀಮೆಯ ಎರೆಹೊಲಗಳಲ್ಲಿ, ಹಿಂಗಾರಿ ಜೋಳಕ್ಕೆ ದನ ನುಗ್ಗದಂತೆ ಅಂಚುಗಟ್ಟಿ ಬಿತ್ತುವ ಮುಳ್ಳು ಕುಸುಬೆಯಲ್ಲಿ ಆ ಕೆಂಪು ಅಡಗಿದೆ. ಎಣ್ಣೆಗೆಂದು ಬೀಜವನ್ನು ಒಯ್ದು ಹೂವನ್ನು ನಾವು ಗಾಳಿಗೆ ಬಿಟ್ಟಿದ್ದೇವೆ. ಜಪಾನಿನವರಾದರೋ ಇದೇ ಹೂವಿನಿಂದ ‘ಬೆನಿ’ ಎಂಬ ತುಟಿಗೆಂಪನ್ನು ಶತಮಾನಗಳಿಂದ ತೆಗೆಯುತ್ತ ಬಂದಿರುವರು.

ಹೂವಿನಲ್ಲಿ ಬಣ್ಣ ಎರಡು. ಹಳದಿ ಧಾರಾಳವಾಗಿದ್ದು ತಣ್ಣೀರಿನಲ್ಲಿಯೇ ಕರಗುವುದು. ಕಾರ್ಥಮಿನ್ ಎಂಬ ಕೆಂಪಾದರೋ ನೂರಕ್ಕೆ ಒಂದು ಪಾಲೂ ಇಲ್ಲ. ಅದನ್ನು ಬಿಡಿಸಲು ಕ್ಷಾರ ಬೇಕು. ಆದುದರಿಂದ, ಕಾಳು ಕಟ್ಟಿದ ಮೇಲೆ ಕೆಂಪೇರಿದ ಎಸಳುಗಳನ್ನು ಬಿಡಿಸಿ (ಬೀಜಕ್ಕೆ ನಷ್ಟವಿಲ್ಲ, ಬೆರಳಿಗೆ ಉಂಟು!) ನೆರಳಿನಲ್ಲಿ ಒಣಗಿಸತಕ್ಕದ್ದು. ಬಟ್ಟೆಯಲ್ಲಿ ಕಟ್ಟಿ, ಹಿಂಡಿದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಇಲ್ಲಿ ಬೇಸರಿಸಿದರೆ ಕೆನ್ನೆ ಕಾಮಾಲೆಯವರಂತೆ ಕಾಣುವುದು. ಬಳಿಕ ಒಗೆಯುವ ಸೋಡಾ ತುಸು ಬೆರೆಸಿದ ತಣ್ಣೀರಿನಲ್ಲಿ ನೆನೆಯಿಸಿ, ತಡಮಾಡದೆ ಸೋಸಿ, ಹುಳಿಯೇರುವಷ್ಟು ನಿಂಬೆಯ ರಸ ಹಿಂಡಿದರೆ, ನೊರೆಯಡಗಿ ಕೆಂಪು ಮೆಲ್ಲನೆ ತಳ ಸೇರುವುದು. ಅದನ್ನು ಹಲವು ಸಲ ತೊಳೆದು, ಒಣಗಿಸಿ, ನುಣ್ಣನೆಯ ಅಕ್ಕಿಹಿಟ್ಟಿನೊಡನೆ ಅರೆಯಬೇಕು.

ಇಷ್ಟು ಶ್ರಮವೇಕೆಂದು ಕೇಳುವವರುಂಟು. ಹಳೆಯ ಸಿಂಧೂರವೆಂಬುದು ಸೀಸದ ಭಸ್ಮ, ಇಂಗಲೀಕವೆಂಬುದು ಪಾರದ; ಕೆಂಪೆಂಬ ಮಾತ್ರಕ್ಕೆ ಅವನ್ನು ಚರ್ಮಕ್ಕೆ ಬಳಿಯುವುದು ವಿಷವನ್ನು ಬಳಿದಂತೆಯೇ. ಕುಸುಬೆಯನ್ನು ಕೂಡ ಮೊದಲು ಮೊಳಕೈಯ ಒಳಬದಿಗೆ ಹಚ್ಚಿ ಒಂದು ದಿನ ನೋಡುವುದು ಮೇಲು. ಈಚಿನ ದಶಕಗಳಲ್ಲಿ ಕರ್ಣಾಟಕದಲ್ಲಿ ಕುಸುಬೆಯ ಬಿತ್ತನೆಯೇ ಕುಗ್ಗಿರುವುದರಿಂದ ಎಸಳು ಸಿಕ್ಕಾಗಲೇ ಕೂಡಿಡಬೇಕು. ಬೆಳಕಿಗೆ ಈ ಬಣ್ಣ ಮಾಸುವುದರಿಂದ ಮುಚ್ಚಳವುಳ್ಳ ಭರಣಿಯಲ್ಲಿ, ಕತ್ತಲೆಯ ಕಡೆ ಇಡತಕ್ಕದ್ದು.