‘ಇದೂ ಒಂದು ಮ್ಯೂಸಿಕ್ಕಾ?’: ಒಬ್ಬರಿಗೆ ಹಿಡಿಸುವ ಸದ್ದು ಇನ್ನೊಬ್ಬರಿಗೆ ಯಾಕೆ ಹಿಡಿಸಲ್ಲ?

ಕಡೂರು ಬಸ್ ಸ್ಟ್ಯಾಂಡಲ್ಲೋ, ತರೀಕೆರೆಯ ಹಾಸ್ಟೆಲಲ್ಲೋ, ಅಜ್ಜಂಪುರದ ಕಡೆ ಹೋಗೋ ರೈಲಲ್ಲೋ ಇಯರ್‌ಫೋನ್ ಹಾಕಿಕೊಂಡು ಇದನ್ನ ಕೇಳ್ತಿರಬಹುದು. ಇವತ್ತಿನ ಮಾತು ಪ್ರಯೋಗಾತ್ಮಕ ಎಲೆಕ್ಟ್ರಾನಿಕ್ ಸಂಗೀತದ ಬಗ್ಗೆ. ಮೆರವಣಿಗೆಯ ಡಿಜೆ ಅಲ್ಲ. ಪಲ್ಲವಿ ಇಲ್ಲ, ಚರಣ ಇಲ್ಲ, ಒಂದು ಸದ್ದು ಗುಂಯ್ ಅಂತ ಶುರುವಾಗಿ ನಿಧಾನಕ್ಕೆ ಬದಲಾಗ್ತಾ ಹೋಗುತ್ತಲ್ಲ, ಅದು.

ಇದನ್ನ ಮನೇಲಿ ಹಾಕಿದ್ರೆ ‘ಮಿಕ್ಸಿ ಕೆಟ್ಟಿದೆಯೇನೋ’ ಅಂತಾರೆ. ಇಷ್ಟಪಡೋರನ್ನ ಕೇಳಿದ್ರೆ ‘ನಿಮಗೆಲ್ಲ ಅರ್ಥ ಆಗಲ್ಲ ಬಿಡಿ’ ಅಂತಾರೆ. ಎರಡೂ ಮಾತು ಬಾಗಿಲು ಮುಚ್ಚುತ್ತವೆ. ಇಂಥ ಊರುಗಳಲ್ಲಿ ಫೋನಲ್ಲೇ ಟ್ರ್ಯಾಕ್ ಮಾಡೋ ಹುಡುಗ ಹುಡುಗಿಯರು ಆಮೇಲೆ ಅದನ್ನ ಯಾರಿಗೂ ಕೇಳಿಸೋದೇ ಇಲ್ಲ.

ಒಂದು ನಿಜವಾದ ಕತೆ ಕೇಳಿ. ಮುಂಬೈನಲ್ಲಿ ಚರಣ್‌ಜಿತ್ ಸಿಂಗ್ ಅಂತ ಒಬ್ಬರಿದ್ದರು. ಹಿಂದಿ ಸಿನಿಮಾ ಹಾಡುಗಳಿಗೆ ಗಿಟಾರ್ ನುಡಿಸ್ತಿದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಸಿಂಥಸೈಜರ್, ಡ್ರಮ್ ಮಷೀನ್ ಇಟ್ಟುಕೊಂಡು ಹತ್ತು ರಾಗಗಳನ್ನ ಡಿಸ್ಕೊ ತಾಳಕ್ಕೆ ಕೂಡಿಸಿದರು. ರೆಕಾರ್ಡ್ ಮಾರಾಟವೇ ಆಗಲಿಲ್ಲ. ಐದು ವರ್ಷ ಆದಮೇಲೆ ಅಮೆರಿಕದ ಶಿಕಾಗೊದಲ್ಲಿ ಅದೇ ಥರದ ಮಷೀನ್‌ನಿಂದ ‘ಆಸಿಡ್ ಹೌಸ್’ ಅನ್ನೋ ಸಂಗೀತ ಹುಟ್ಟಿ ಲೋಕವೆಲ್ಲ ಕುಣೀತು. 2010ರಲ್ಲಿ ಸಿಂಗ್ ಅವರ ರೆಕಾರ್ಡ್ ಮತ್ತೆ ಬಿಡುಗಡೆ ಆದಾಗ ಜನ ಬೆರಗಾದರು. ರೆಕಾರ್ಡಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಬದಲಾಗಿದ್ದು ಕೇಳೋ ಕಿವಿ.

ಕಿವಿ ಹೇಗೆ ಬದಲಾಗುತ್ತೆ? ಸಂಗೀತ ಕೇಳುವಾಗ ನಾವು ಸುಮ್ಮನೆ ಕೂತಿರಲ್ಲ, ಮುಂದೇನು ಬರುತ್ತೆ ಅಂತ ಊಹಿಸ್ತಿರ್ತೀವಿ. ಲಿಯೊನಾರ್ಡ್ ಮೆಯರ್ ಅನ್ನೋ ವಿದ್ವಾಂಸರು 1956ರಲ್ಲೇ ಬರೆದರು: ಸಂಗೀತದ ಭಾವ ಹುಟ್ಟೋದು ಆ ನಿರೀಕ್ಷೆ ಈಡೇರುವ, ತಡವಾಗುವ, ತಪ್ಪಿಹೋಗುವ ಆಟದಲ್ಲಿ ಅಂತ. ಸಿನಿಮಾ ಹಾಡಲ್ಲಿ ಪಲ್ಲವಿ ವಾಪಸ್ ಬರುತ್ತೆ ಅಂತ ನಮಗೆ ಗೊತ್ತು. ಇಲ್ಲಿ ಅದಕ್ಕೇ ಕಾದರೆ ಅದು ಬರೋದೇ ಇಲ್ಲ, ಬೇಜಾರಾಗುತ್ತೆ. ರಾಗ ಬಿಟ್ಟು ಸದ್ದಿನ ಒರಟು, ನುಣುಪು, ಏರಿಳಿತಕ್ಕೆ ಗಮನ ಕೊಟ್ಟವರಿಗೆ ಅದೇ ಸದ್ದಲ್ಲಿ ಏನೋ ನಡೀತಿರೋದು ಕೇಳಿಸುತ್ತೆ.

ಇದೇನು ಹೊರಗಿನಿಂದ ಬಂದ ವಿದ್ಯೆ ಅಲ್ಲ. ನಮ್ಮ ಕಡೆಯ ವೀರಗಾಸೆ ನೆನಪಿಸಿಕೊಳ್ಳಿ. ಒಡಪು ಹೇಳುವಾಗ ವಾದ್ಯ ನಿಲ್ಲುತ್ತೆ, ಎಲ್ಲರೂ ಉಸಿರು ಹಿಡೀತಾರೆ, ಮುಗಿದ ತಕ್ಷಣ ಒಮ್ಮೆಲೇ ಬಡಿತ. ಡಿಜೆಗಳು ‘ಡ್ರಾಪ್’ ಅನ್ನೋದು ಹೆಚ್ಚು ಕಡಿಮೆ ಇದನ್ನೇ. ಡೊಳ್ಳಲ್ಲೂ ಒಂದೇ ಬಡಿತ ಮತ್ತೆ ಮತ್ತೆ ಬರುತ್ತೆ, ಯಾರೂ ‘ರಾಗ ಎಲ್ಲಿ’ ಅಂತ ಕೇಳಲ್ಲ. ಇನ್ನು ತಂಬೂರಿ, ಒಂದೇ ಶ್ರುತಿ ಗಂಟೆಗಟ್ಟಲೆ. ಅದನ್ನ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಇಳಿಸಿದವರು ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್, ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಕೊಳಲು ವಾದಕರು. ಭಜನೆಯಲ್ಲಿ ಶ್ರುತಿ ಪೆಟ್ಟಿಗೆ ಹಾಕೋ ಅಜ್ಜಿಗೆ ಎಲೆಕ್ಟ್ರಾನಿಕ್ ಸದ್ದು ಹೊಸದೇನಲ್ಲ!

ಇನ್ನೊಂದು ತೀರಾ ಸಣ್ಣ ಕಾರಣ: ಫೋನ್. ಫೋನಿನ ಪುಟ್ಟ ಸ್ಪೀಕರಿಗೆ ತಗ್ಗಿನ ಸದ್ದು ಹೊರಡಿಸೋಕೆ ಆಗಲ್ಲ. ಡೊಳ್ಳಿನ ವಿಡಿಯೊ ವಾಟ್ಸಾಪಲ್ಲಿ ಬಂದಾಗ ತಗಡು ಬಡಿದ ಹಾಗೆ ಕೇಳುತ್ತಲ್ಲ, ಹಾಗೆ. ಎದುರಿಗೆ ನಿಂತರೆ ಅದೇ ಡೊಳ್ಳು ಎದೆಗೇ ಬಡಿಯುತ್ತೆ. ಈ ಸಂಗೀತದ ಅರ್ಧ ಜೀವ ಇರೋದೂ ಆ ತಗ್ಗಿನ ಸದ್ದಲ್ಲೇ. ಅದು ಕೇಳಿಸದಿದ್ದವರು ‘ಹಿಡಿಸಲಿಲ್ಲ’ ಅಂದರೆ ಅವರು ಕೇಳಿದ್ದೇ ಬೇರೆ ಸಂಗೀತ. ಜೊತೆಗೆ ಸ್ಪಾಟಿಫೈನಂಥ ಆ್ಯಪ್‌ನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಪ್ಲೇ ಲೆಕ್ಕ. ಐದನೇ ನಿಮಿಷಕ್ಕೆ ಬಾಯಿ ಬಿಡೋ ಸಂಗೀತಕ್ಕೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ.

ಹಾಗಂತ ಎಲ್ಲರಿಗೂ ಇಷ್ಟ ಆಗಲೇಬೇಕು ಅಂತಿಲ್ಲ. ಪೂರ್ತಿ ಕೇಳಿ, ಬೇಡ ಅನ್ನಿಸಿದ್ರೆ ಬೇಡ, ಅದು ನಿಮ್ಮ ರುಚಿ. ಆದರೆ ಅರ್ಧ ನಿಮಿಷದಲ್ಲಿ ಸ್ಕಿಪ್ ಒತ್ತಿದ್ದನ್ನ ರುಚಿ ಅನ್ನೋಕಾಗಲ್ಲ, ಅದು ಅವಸರ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಒಳ್ಳೆ ಇಯರ್‌ಫೋನ್ ಹಾಕಿ, ಚರಣ್‌ಜಿತ್ ಸಿಂಗ್ ಅವರ ಒಂದು ರಾಗ ಸ್ಕಿಪ್ ಮಾಡದೆ ಕೊನೇವರೆಗೂ ಕೇಳಿ. ಆಮೇಲೆ ಮನೆಯವರಿಗೂ ಒಂದು ಕಡೆಯ ಇಯರ್‌ಫೋನ್ ಕೊಡಿ. ‘ಹೆಂಗಿದೆ’ ಅಂತ ಕೇಳಬೇಡಿ, ‘ಏನು ಕೇಳಿಸ್ತು’ ಅಂತ ಕೇಳಿ. ಮಾತು ಅಲ್ಲಿಂದ ಶುರುವಾಗಲಿ.