ಕಿಡಿಕಲ್ಲು, ಬತ್ತಿ ಮತ್ತು ಪೈಪು



ಬೆಂಕಿಗೆ ಗೊತ್ತಿರುವುದು ಮೇಲೇರುವುದೊಂದೇ. ಪೈಪು ಸೇದುವವರಿಗೆ ಬೇಕಾದದ್ದೋ ಕೆಳಗಿಳಿಯುವ ಬೆಂಕಿ. ಸಿಗರೇಟಿನ ತುದಿಯನ್ನು ಜ್ವಾಲೆಗೆ ಮುಟ್ಟಿಸಿದರೆ ಮುಗಿಯಿತು. ಪೈಪಿನ ಬಟ್ಟಲು ಹಾಗಲ್ಲ, ಬಾಯಿ ಮೇಲೆ ಮಾಡಿಕೊಂಡಿರುತ್ತದೆ, ಹೊಗೆಸೊಪ್ಪು ಅದರೊಳಗಿರುತ್ತದೆ. ಲೈಟರನ್ನು ಓರೆ ಮಾಡಿ, ಉಸಿರೆಳೆದು, ಜ್ವಾಲೆಯನ್ನು ಒಳಕ್ಕೆ ಬಗ್ಗಿಸಬೇಕು. ಬಗ್ಗದಿದ್ದರೆ ಬಟ್ಟಲಿನ ಅಂಚು ಕರಕಲು, ಇಲ್ಲವೇ ಹೆಬ್ಬೆರಳು ಚುರುಕ್. ಹೊಗೆಸೊಪ್ಪಿನ ಪರ ವಕಾಲತ್ತು ವಹಿಸಲು ನಾನು ಬಂದಿಲ್ಲ. ಅದರ ಕೇಡು ಎಲ್ಲರಿಗೂ ಗೊತ್ತು. ಆದರೆ ಬತ್ತಿಯ ಲೈಟರೆಂಬ ಪುಟ್ಟ ಯಂತ್ರದ ಕುಂದುಕೊರತೆ ಪೈಪಿನ ಮುಂದೆ ಬಯಲಾಗುವಷ್ಟು ಬೇರೆಲ್ಲೂ ಬಯಲಾಗುವುದಿಲ್ಲ. ಅದನ್ನು ಸರಿಪಡಿಸಲು ಜನ ಮಾಡಿದ ಸಾಹಸವೇ ಇಂದಿನ ವಿಷಯ.

ಲೈಟರು ಗೀಚುವ ಬೆಂಕಿಕಡ್ಡಿಗಿಂತ ಹಿರಿಯದು ಎಂದರೆ ನಂಬುವುದು ಕಷ್ಟ. ಇಂಗ್ಲೆಂಡಿನ ಜಾನ್ ವಾಕರ್ ತನ್ನ ಔಷಧದಂಗಡಿಯಲ್ಲಿ ಕಡ್ಡಿಗಳನ್ನು ಮಾರಿದ್ದು 1827ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲೇ, 1823ರಲ್ಲಿ, ಜರ್ಮನಿಯ ಯೇನಾದಲ್ಲಿ ಡೋಬರೈನರ್ ಎಂಬ ರಸಾಯನಶಾಸ್ತ್ರಜ್ಞ ಒಂದು ದೀಪ ಮಾಡಿದ. ಗಂಧಕಾಮ್ಲದಲ್ಲಿ ಸತುವಿನ ತುಂಡು. ಹುಟ್ಟಿದ ಜಲಜನಕ ಪ್ಲಾಟಿನಮ್ಮಿನ ಮೇಲೆ ಹರಿದೊಡನೆ ಭಗ್ಗನೆ ಬೆಂಕಿ. ಮೇಜಿನ ಮೇಲಿಡಲು ಚೆಂದ. ಆಮ್ಲದ ಜಾಡಿಯನ್ನು ಜೇಬಿನಲ್ಲಿಟ್ಟುಕೊಂಡು ಯಾರು ತಿರುಗುತ್ತಾರೆ?

ಜೇಬಿಗೆ ಬರಲು ಕಿಡಿ ಬೇಕಿತ್ತು, ಆ ಕಿಡಿ ಹುಟ್ಟಿದ್ದು ಬೇರೊಂದು ದೀಪದ ಕಸದಿಂದ. ಜಾತ್ರೆಯಲ್ಲಿ, ಬಯಲಾಟದಲ್ಲಿ ಗ್ಯಾಸ್‌ಲೈಟು ಹೊತ್ತಿಸುವುದನ್ನು ಕಂಡವರಿಗೆ ಮ್ಯಾಂಟಲ್ ಗೊತ್ತು, ಬೆರಳು ತಾಗಿದರೆ ಪುಡಿಯಾಗುವ ಆ ಬಿಳಿ ಬಲೆ. ಅದನ್ನು ರೂಪಿಸಿದವನು ಆಸ್ಟ್ರಿಯಾದ ಕಾರ್ಲ್ ಆವರ್ ಫೊನ್ ವೆಲ್ಸ್‌ಬಾಖ್. 1891ರ ಹೊತ್ತಿಗೆ ಅವನು ಕಂಡುಕೊಂಡ ಹದ ಇದು: ಥೋರಿಯಂ ಆಕ್ಸೈಡು ನೂರಕ್ಕೆ 99 ಪಾಲು, ಸೀರಿಯಂ ಆಕ್ಸೈಡು ಒಂದೇ ಪಾಲು. ಇವೆರಡೂ ಬರುವುದು ಮೊನಜೈಟ್ ಎಂಬ ಮರಳಿನಿಂದ. ಕಷ್ಟವೇನೆಂದರೆ ಆ ಮರಳಿನಲ್ಲಿ ಥೋರಿಯಂ ಕಡಿಮೆ, ಸೀರಿಯಂ ಮತ್ತು ಅದರ ಬಳಗವೇ ಹೆಚ್ಚು. ಮ್ಯಾಂಟಲ್ ಮಾಡಿದಷ್ಟೂ ಬೇಡದ ವಸ್ತುವಿನ ಗುಡ್ಡೆ ಬೆಳೆಯುತ್ತ ಹೋಯಿತು. ಆ ಗುಡ್ಡೆಯಿಂದ ತೆಗೆದ ಲೋಹಕ್ಕೆ ಮೂರರಲ್ಲೊಂದು ಪಾಲಿನಷ್ಟು ಕಬ್ಬಿಣ ಬೆರೆಸಿ ಗೀರಿದರೆ ಕಿಡಿಯ ಮಳೆ! 1903ರಲ್ಲಿ ಅವನು ಇದಕ್ಕೆ ಪೇಟೆಂಟ್ ಪಡೆದ. ಇಂದಿಗೂ ಲೈಟರಿನ ಕಿಡಿಕಲ್ಲು ಅದೇ ಮಿಶ್ರಲೋಹ. ನಮ್ಮ ಅಜ್ಜಂದಿರ ಚಕಮಕಿಯಲ್ಲಿ ಕಲ್ಲು ಉಕ್ಕನ್ನು ಹೆರೆಯುತ್ತಿತ್ತು, ಉರಿಯುತ್ತಿದ್ದದ್ದು ಉಕ್ಕಿನ ಚೂರು. ಇಲ್ಲಿ ಉಕ್ಕಿನ ಚಕ್ರವೇ ಕಲ್ಲನ್ನು ಹೆರೆಯುತ್ತದೆ.

ಈ ಮರಳಿಗೆ ನಮ್ಮ ಕಡಲತೀರದ ನಂಟೂ ಇದೆ. ಮೊದಮೊದಲು ಮೊನಜೈಟ್ ಹೆಚ್ಚಾಗಿ ಬ್ರೆಜಿಲ್‌ನಿಂದ ಯುರೋಪಿಗೆ ಹೋಗುತ್ತಿತ್ತು. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಇದನ್ನು ಗುರುತಿಸಿದ. ನಾರಿನ ಜಾಡು ಹಿಡಿದು ಕನ್ಯಾಕುಮಾರಿಯ ಬಳಿಯ ಮಣವಾಲಕುರಿಚ್ಚಿಗೆ ಬಂದು ಕಾರ್ಖಾನೆಯನ್ನೂ ಹಾಕಿದ. ಇಷ್ಟು ಸೂಕ್ಷ್ಮ ಕಣ್ಣಿನವನನ್ನು ಮೆಚ್ಚದಿರುವುದು ಹೇಗೆ?

ಇಂಧನ ಮತ್ತು ಬತ್ತಿಯ ಮಾತು ಸುಲಭ. ಲೈಟರಿನ ಹೊಟ್ಟೆಯೊಳಗೆ ಹತ್ತಿ, ಅದರಲ್ಲಿ ನಾಫ್ತಾ ಎಂಬ ಎಣ್ಣೆ, ಹತ್ತಿಯಿಂದ ಹೊರಗೆ ತಲೆ ಹಾಕಿದ ಬತ್ತಿ. ಉರಿಯುವುದು ಬತ್ತಿಯಿಂದೇಳುವ ಆವಿ; ಒಳಗೆ ಎಣ್ಣೆ ಇರುವತನಕ ಬತ್ತಿ ಅಷ್ಟಾಗಿ ಸುಡುವುದಿಲ್ಲ.

1914ರ ಮಹಾಯುದ್ಧ ಈ ಲೈಟರನ್ನು ಸಿಪಾಯಿಯ ಜೇಬಿಗೆ ಹಾಕಿತು. ಕಂದಕಗಳಲ್ಲಿ ಖಾಲಿ ತೋಟಾಗಳಿಗೆ ಬರವಿರಲಿಲ್ಲ. ಹಿತ್ತಾಳೆಯ ಆ ಕೊಳವೆಗೇ ಚಕ್ರ, ಬತ್ತಿ ಕೂಡಿಸಿದರೆ ಲೈಟರಾಯಿತು. ಇನ್ನೊಂದು ಜಾತಿಯದಕ್ಕೆ ಎಣ್ಣೆಯೂ ಬೇಡ: ಕಿಡಿ ಹತ್ತಿದ ಹತ್ತಿಯ ಹುರಿ ಜ್ವಾಲೆಯಿಲ್ಲದೆ ಕೆಂಡವಾಗಿ ಉರಿಯುತ್ತದೆ. ರಾತ್ರಿ ಶತ್ರುವಿಗೆ ಕಾಣದು, ಗಾಳಿ ಬೀಸಿದಷ್ಟೂ ಚುರುಕು. ಪೈಪಿಗೆ ಇದು ವಾಸಿ, ಕೆಂಡವನ್ನು ಸೊಪ್ಪಿನ ಮೇಲೇ ಒತ್ತಬಹುದು.

ಯುದ್ಧ ಮುಗಿದ ಮೇಲೆ ಶ್ರೀಮಂತರ ಸರದಿ. ಲಂಡನ್ನಿನ ಆಲ್ಫ್ರೆಡ್ ಡನ್‌ಹಿಲ್ ಮೋಟಾರು ಓಡಿಸುವವರಿಗೆಂದು ಗಾಳಿತಡೆಯ ಪೈಪು ಮಾಡಿ ಹೆಸರಾದವನು. 1920ರ ದಶಕದ ಆರಂಭದಲ್ಲಿ ವೈಸ್ ಮತ್ತು ಗ್ರೀನ್‌ವುಡ್ ಎಂಬಿಬ್ಬರು ಒಂದೇ ಕೈಯಲ್ಲಿ ಹೊತ್ತಿಸುವ ಲೈಟರಿನ ಮಾದರಿಯನ್ನು ಅವನ ಸಂಸ್ಥೆಗೆ ತಂದರು. ಅದನ್ನು ಸಾಸಿವೆ ಪುಡಿಯ ತಗಡಿನ ಡಬ್ಬಿಯಲ್ಲಿ ಕಟ್ಟಿದ್ದರಂತೆ. ಅದೇ ಬೆಳೆದು 'ಯೂನೀಕ್' ಆಯಿತು, ಬೆಳ್ಳಿ ಬಂಗಾರದ ಕವಚವನ್ನೂ ತೊಟ್ಟಿತು. ಒಂದೇ ಕೈ ಎಂಬುದು ಪೈಪಿನವರಿಗೆ ದೊಡ್ಡ ಮಾತು, ಇನ್ನೊಂದು ಕೈಯಲ್ಲಿ ಪೈಪಿರುತ್ತದಲ್ಲ.

ಅಮೆರಿಕದ ಬ್ರ್ಯಾಡ್‌ಫರ್ಡಿನಲ್ಲಿ ಜಾರ್ಜ್ ಬ್ಲೇಸ್‌ಡೆಲ್ 1932ರಲ್ಲಿ ಶುರುಮಾಡಿದ ಝಿಪ್ಪೋ ಎಲ್ಲರಿಗೂ ಗೊತ್ತು. ಬತ್ತಿಯ ಸುತ್ತ ತೂತುಗಳ ಚಿಮಣಿ, ಮೊದಲ ಬೆಲೆ 1.95 ಡಾಲರ್. ಗಾಳಿಗೆ ಜಗ್ಗದ ಆ ಚಿಮಣಿಯೇ ಪೈಪಿಗೆ ಅಡ್ಡಿ, ಓರೆ ಮಾಡಿದರೆ ಮೊದಲು ಬಿಸಿಯಾಗುವುದು ಲೋಹ. ಬಹಳ ಕಾಲದ ಮೇಲೆ ಕಂಪನಿಯೇ ಚಿಮಣಿಯ ಪಕ್ಕದಲ್ಲಿ ದೊಡ್ಡ ದುಂಡು ತೂತು ಕೊರೆಯಿತು. ಆ ತೂತನ್ನು ಬಟ್ಟಲಿನ ಮೇಲಿಟ್ಟು ಉಸಿರೆಳೆದರೆ ಜ್ವಾಲೆ ತಾನಾಗಿ ಒಳಗಿಳಿಯುತ್ತದೆ. 1940ರ ದಶಕದ ಬೀಟಿ ಜೆಟ್ ಲೈಟರು ಇನ್ನೂ ಜಾಣತನದ್ದು. ಬತ್ತಿಯ ಜ್ವಾಲೆ ಪಕ್ಕದ ಸಣ್ಣ ನಳಿಗೆಯನ್ನು ಕಾಯಿಸುತ್ತದೆ, ಅದರಿಂದ ಚಿಮ್ಮುವ ಎಣ್ಣೆಯ ಆವಿ ಸೂಜಿಯಂತೆ ಅಡ್ಡಕ್ಕೆ ಉರಿಯುತ್ತದೆ.

ನನ್ನನ್ನು ಕೇಳಿದರೆ ಗೆದ್ದದ್ದು ವಿಯೆನ್ನಾದ ಅಗ್ಗದ ಇಮ್ಕೋ. ಗುಂಡಿ ತಯಾರಿಸುತ್ತಿದ್ದ ಈ ಕಂಪನಿ ಮೊದಲ ಮಹಾಯುದ್ಧ ಮುಗಿದಾಗ ಲೈಟರಿಗೆ ತಿರುಗಿತು. ಇದರ ಟ್ರಿಪ್ಲೆಕ್ಸ್ ಮಾದರಿಯಲ್ಲಿ ಹೊತ್ತಿಸಿದ ಎಣ್ಣೆಯ ಕೊಳವೆಯನ್ನೇ ಕೆಳಗಿನಿಂದ ಎಳೆದು ತೆಗೆಯಬಹುದು. ಕೈಯಲ್ಲಿ ಪುಟ್ಟ ದೀಪ! ಬಟ್ಟಲಿನ ಯಾವ ಮೂಲೆಗೆ ಬೇಕೋ ಆ ಮೂಲೆಗೆ ಹಿಡಿಯಬಹುದು. ಆಸ್ಟ್ರಿಯಾದಲ್ಲಿ ಇದರ ತಯಾರಿ 2012ರವರೆಗೆ ನಡೆಯಿತು.

ಕೆಲವು ಸರ್ಕಾರಗಳಿಗೆ ಲೈಟರ್ ಕಂಡರೆ ಆಗುತ್ತಿರಲಿಲ್ಲ. ಬೆಂಕಿಪೊಟ್ಟಣದ ಆದಾಯಕ್ಕೆ ಕತ್ತರಿ ಬೀಳುತ್ತದಲ್ಲ. ಪೋರ್ಚುಗಲ್‌ನಲ್ಲಿ 1937ರಿಂದ 1970ರವರೆಗೆ ಸಾರ್ವಜನಿಕ ಸ್ಥಳದಲ್ಲಿ ಲೈಟರ್ ಬಳಸಲು ಲೈಸೆನ್ಸು ಬೇಕಿತ್ತು, ಇಲ್ಲದಿದ್ದರೆ ದಂಡ.

ಎರಡನೇ ಮಹಾಯುದ್ಧದ ನಂತರ ಬ್ಯುಟೇನ್ ಅನಿಲ ಬಂತು, ಬತ್ತಿಯ ಕಾಲ ಇಳಿಯಿತು. ಪೈಪಿನವರಲ್ಲಿ ಹಲವರು ಸಂತೋಷದಿಂದಲೇ ಅತ್ತ ಹೋದರು, ಕಾರಣ ನಾಫ್ತಾದ ರುಚಿ. ಮೊದಲ ಕೆಲವು ದಮ್ಮುಗಳಲ್ಲಿ ಅದು ನಾಲಿಗೆಗೆ ಹತ್ತುತ್ತದೆ. ಬತ್ತಿಯನ್ನು ಬಿಡದವರು ಹೊತ್ತಿಸಿದೊಡನೆ ಪೈಪಿಗೆ ಹಿಡಿಯದೆ ನಾಲ್ಕು ಎಣಿಸುವಷ್ಟು ಕಾಯುತ್ತಾರೆ. ಮೊದಲ ಬೆಂಕಿಗೆ ಸೊಪ್ಪು ಉಬ್ಬಿ ಮೇಲೇಳುತ್ತದೆ, ಅದನ್ನು ಮೆಲ್ಲಗೆ ಅದುಮಿ ಮತ್ತೊಮ್ಮೆ ಹೊತ್ತಿಸುತ್ತಾರೆ.

ಅಜ್ಜನ ಪೆಟ್ಟಿಗೆಯಲ್ಲೋ ಗುಜರಿಯಲ್ಲೋ ಇಂಥ ಬತ್ತಿಯ ಲೈಟರೊಂದು ನಿಮಗೆ ಸಿಕ್ಕರೆ, ಎಣ್ಣೆ ಹಾಕುವ ಮೊದಲು ಕಲ್ಲಿನ ನಳಿಗೆ ನೋಡಿ. ಸೀರಿಯಂ ಗಾಳಿಯ ತೇವಕ್ಕೆ ಕಿಲುಬುಗಟ್ಟಿ, ಉಬ್ಬಿ, ನಳಿಗೆಯೊಳಗೆ ಸಿಮೆಂಟಿನ ಹಾಗೆ ಕಚ್ಚಿಕೊಂಡಿರುತ್ತದೆ. ಚಕ್ರ ತಿರುಗದು. ಲೈಟರು ಕೆಟ್ಟಿದೆಯೆಂದು ಜನ ಎಸೆಯುವುದು ಇಲ್ಲೇ. ಕೆಳಗಿನ ತಿರುಪು ಬಿಚ್ಚಿ, ಸ್ಪ್ರಿಂಗು ತೆಗೆದು, ಸಣ್ಣ ಬೈರಿಗೆಯನ್ನು ಕೈಯಿಂದಲೇ ತಿರುಗಿಸುತ್ತ ಆ ಬೂದುಬಣ್ಣದ ಪುಡಿಯನ್ನು ಕೆರೆದು ತೆಗೆಯಿರಿ. ಹೊಸ ಕಲ್ಲು ಯಾವ ಬೀಡಾ ಅಂಗಡಿಯಲ್ಲಾದರೂ ಸಿಕ್ಕೀತು, ವಿಚಾರಿಸಿ ನೋಡಿ.